ನಡೆಯೋಕೆ ಆಗುತ್ತಲ್ಲ?

ಅಕ್ಕನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ ಎಂದು ಯಾರಿಗಾದರೂ ಹೇಳಿದರೆ ಮೊದಲು ಬರುವ ಪ್ರಶ್ನೆ ಇದೇ. "ನಡೆಯೋಕೆ ಆಗುತ್ತಲ್ಲ?" ಆಗುತ್ತದೆ ಎಂದರೆ ಕೇಳಿದವರಿಗೆ ನಿರಾಳ. "ಸದ್ಯ, ಹಾಗಾದರೆ ಅಷ್ಟೇನೂ ತೊಂದರೆ ಇಲ್ಲ" ಎನ್ನುತ್ತಾರೆ. ಅವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆ ಒಂದೇ ಪ್ರಶ್ನೆ ಹಿಡಿದು ಅಳೆಯಲು ಹೊರಟರೆ ಈ ಕಾಯಿಲೆಯ ಮುಕ್ಕಾಲು ಪಾಲು ಲೆಕ್ಕಕ್ಕೇ ಸಿಗುವುದಿಲ್ಲ. ಅಕ್ಕ ನಡೆಯುತ್ತಾಳೆ, ಮೆಟ್ಟಿಲು ಹತ್ತುತ್ತಾಳೆ, ಕೆಲಸಕ್ಕೂ ಹೋಗುತ್ತಾಳೆ. ಹಾಗಿದ್ದೂ ಅವಳ ದಿನದ ಯಾವ ಗಂಟೆಯೂ ಈ ಕಾಯಿಲೆಯಿಂದ ಬಿಡುಗಡೆ ಪಡೆದಿಲ್ಲ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ ಎಂದು ನಿಂತ ನಿಲುವಿನಲ್ಲಿ ವಿವರಿಸಲು ಬರುವುದಿಲ್ಲ. ಅದಕ್ಕಾಗಿ ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ.

ಚಿಕ್ಕದಾಗಿ ಎಂಎಸ್ ಎನ್ನುವ ಈ ಕಾಯಿಲೆ ಜಗತ್ತಿನಲ್ಲಿ 28 ಲಕ್ಷಕ್ಕೂ ಹೆಚ್ಚು ಜನರಿಗಿದೆ. ಬಹುಪಾಲು ಮಂದಿಗೆ ಶುರುವಾಗುವುದು 20ರಿಂದ 40ರ ವಯಸ್ಸಿನೊಳಗೆ, ಓದು ಮುಗಿದು ಕೆಲಸ, ಸಂಸಾರ ಎಂದು ಬದುಕು ಕಟ್ಟಿಕೊಳ್ಳುವ ಹೊತ್ತಿಗೆ. ಗಂಡಸರಿಗೆ ಹೋಲಿಸಿದರೆ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಮಿದುಳು, ಬೆನ್ನುಹುರಿ, ಕಣ್ಣಿನ ನರ, ಇಷ್ಟು ಇದರ ಕ್ಷೇತ್ರ. ದೇಹವನ್ನು ಕಾಯಬೇಕಾದ ರೋಗನಿರೋಧಕ ಜೀವಕೋಶಗಳು ರಕ್ತನಾಳದಿಂದ ಮಿದುಳಿನೊಳಕ್ಕೆ ನುಸುಳಿ, ನರತಂತುಗಳ ಮೇಲಿರುವ ಮೈಲಿನ್ ಎಂಬ ಕೊಬ್ಬಿನ ಪದರವನ್ನು ಶತ್ರುವೆಂದು ತಿಳಿದು ಹಾಳುಗೆಡವುತ್ತವೆ.

ಮೈಲಿನ್ ಎಂದರೆ ವಿದ್ಯುತ್ ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಹಾಗೆ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಅರ್ಧ ಸರಿ. ತಂತಿಯ ಹೊದಿಕೆ ಸುಮ್ಮನೆ ಮುಚ್ಚಿಕೊಂಡಿರುತ್ತದೆ, ಮೈಲಿನ್ ದುಡಿಯುತ್ತದೆ. ಓಲಿಗೋಡೆಂಡ್ರೋಸೈಟ್ ಎಂಬ ಒಂದೇ ಜೀವಕೋಶ ತನ್ನ ತೋಳುಗಳನ್ನು ಚಾಚಿ ಹತ್ತಾರು ನರತಂತುಗಳ ಸುತ್ತ ಪದರ ಪದರವಾಗಿ ಈ ಮೈಲಿನ್ನನ್ನು ಸುತ್ತುತ್ತದೆ. ಮಧ್ಯೆ ಮಧ್ಯೆ ಚಿಕ್ಕ ಸಂದುಗಳನ್ನು ಬಿಡುತ್ತದೆ. ನರದ ಸಂಕೇತ ಆ ಸಂದಿನಿಂದ ಈ ಸಂದಿಗೆ ಜಿಗಿಯುತ್ತಾ ಓಡುತ್ತದೆ. ಮೈಲಿನ್ ಇಲ್ಲದ ಸಣ್ಣ ನರತಂತುವಿನಲ್ಲಿ ಸಂಕೇತದ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್. ದಪ್ಪ ಮೈಲಿನ್ ಇರುವ ನರದಲ್ಲಿ ಸೆಕೆಂಡಿಗೆ 100 ಮೀಟರ್‌ವರೆಗೂ ಹೋಗುತ್ತದೆ. ಇದಲ್ಲದೆ ಆ ಜೀವಕೋಶ ನರತಂತುವಿಗೆ ಆಹಾರವನ್ನೂ ಒದಗಿಸುತ್ತದೆ. ಹೀಗಾಗಿ ಮೈಲಿನ್ ಹೋದರೆ ಮೊದಲು ಸಂಕೇತ ತಡವಾಗುತ್ತದೆ, ತೊದಲುತ್ತದೆ, ಕೆಲವೊಮ್ಮೆ ಅಲ್ಲಲ್ಲೇ ನಿಂತುಬಿಡುತ್ತದೆ. ಪೋಷಣೆ ಕಳೆದುಕೊಂಡ ನರತಂತು ಕೊನೆಗೆ ತಾನೂ ಸಾಯುತ್ತದೆ. ಮೈಲಿನ್ ಸ್ವಲ್ಪ ಮಟ್ಟಿಗೆ ಮತ್ತೆ ಬೆಳೆಯಬಲ್ಲದು. ಸತ್ತ ನರತಂತು ಮತ್ತೆ ಬರುವುದಿಲ್ಲ. ಈ ಕಾಯಿಲೆಯಲ್ಲಿ ಯಾವುದು ವಾಪಸ್ಸು ಬರುತ್ತದೆ, ಯಾವುದು ಬರುವುದಿಲ್ಲ ಎನ್ನುವುದರ ಗುಟ್ಟು ಇಲ್ಲಿದೆ.

ಹಾನಿಯಾದ ಜಾಗದಲ್ಲಿ ಗಟ್ಟಿಯಾದ ಕಲೆ ಉಳಿಯುತ್ತದೆ. ಅದು ಎಲ್ಲಿ ಬೀಳುತ್ತದೆ ಎಂಬುದಕ್ಕೆ ನಿಯಮವಿಲ್ಲ. ಕಣ್ಣಿನ ನರದಲ್ಲಿ ಬಿದ್ದರೆ ಒಂದು ಕಣ್ಣು ಮಂಜಾಗುತ್ತದೆ, ಕಣ್ಣು ಹೊರಳಿಸಿದರೆ ನೋವು, ಕೆಂಪು ಬಣ್ಣ ತೊಳೆದಿಟ್ಟ ಹಾಗೆ ಮಾಸಲು. ಕತ್ತಿನ ಭಾಗದ ಬೆನ್ನುಹುರಿಯಲ್ಲಿ ಬಿದ್ದರೆ ತಲೆ ಬಗ್ಗಿಸಿದಾಗ ಬೆನ್ನುದ್ದಕ್ಕೂ ಶಾಕ್ ಹರಿಯುತ್ತದೆ. ಕಿರುಮಿದುಳಿನಲ್ಲಿ ಆದರೆ ಲೋಟ ಹಿಡಿಯಲು ಹೋದ ಕೈ ನಡುಗುತ್ತದೆ. ಇನ್ನು ಕೆಲವರಿಗೆ ಎದೆಯ ಸುತ್ತ ಯಾರೋ ಪಟ್ಟಿ ಕಟ್ಟಿ ಬಿಗಿದಂತೆ ಆಗುತ್ತದೆ. ಹೃದಯದ್ದೇನೋ ಎಂದು ಹೆದರಿ ಆಸ್ಪತ್ರೆಗೆ ಓಡುತ್ತಾರೆ, ಇಸಿಜಿ ಸರಿಯಾಗಿರುತ್ತದೆ. ಎಂಎಸ್ ಇರುವ ಇಬ್ಬರು ಎದುರು ಬದುರು ಕುಳಿತು ತಮ್ಮ ಲಕ್ಷಣಗಳನ್ನು ಹೇಳಿಕೊಂಡರೆ ಬೇರೆ ಬೇರೆ ಕಾಯಿಲೆಗಳ ಬಗ್ಗೆ ಮಾತಾಡುತ್ತಿದ್ದಾರೆ ಎಂದು ಕೇಳುವವರಿಗೆ ಅನ್ನಿಸಬಹುದು.

ಅಕ್ಕನಿಗೆ ಮೊದಲು ಬಂದದ್ದು ಕಣ್ಣಿಗೆ. ಕೆಲವು ವಾರಗಳಲ್ಲಿ ತಾನಾಗಿಯೇ ಸರಿಹೋಯಿತು. ಸರಿಹೋದದ್ದನ್ನು ಯಾರು ಬೆನ್ನು ಹತ್ತಿ ಹೋಗುತ್ತಾರೆ? ಬಹಳ ದಿನ ಕಳೆದ ಮೇಲೆ ಪಾದದಿಂದ ಸೊಂಟದವರೆಗೆ ಜೋಮು ಹತ್ತಿ ಬಿಡಲೇ ಇಲ್ಲ. ಆಗ ನರರೋಗ ತಜ್ಞರು ಹಳೆಯದನ್ನೆಲ್ಲ ಕೆದಕಿ ಕೇಳಿದಾಗ ಆ ಕಣ್ಣಿನ ವಿಷಯ ಮತ್ತೆ ಬಂತು.

ಬಂದು, ವಾಸಿಯಾಗಿ, ಮತ್ತೆ ಇನ್ನೊಂದು ಕಡೆ ಬರುವ ಈ ರೀತಿ ಹೊಸದೇನಲ್ಲ. ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್‌ನ ಮೊಮ್ಮಗ ಆಗಸ್ಟಸ್ ಡೆಸ್ಟೆ ಎಂಬಾತ ತನ್ನ ಕಾಯಿಲೆಯ ದಿನಚರಿ ಬರೆದಿಟ್ಟಿದ್ದ. 1822ರ ಡಿಸೆಂಬರಿನಲ್ಲಿ, ತಂದೆಯಂತೆ ಪ್ರೀತಿಸುತ್ತಿದ್ದ ಬಂಧುವೊಬ್ಬರ ಅಂತ್ಯಕ್ರಿಯೆ ಮುಗಿಸಿದ ಸ್ವಲ್ಪ ದಿನಕ್ಕೆ ಅವನ ಕಣ್ಣು ಮಂಜಾಗಿ, ಬಂದ ಪತ್ರಗಳನ್ನು ಬೇರೆಯವರಿಂದ ಓದಿಸಿಕೊಳ್ಳಬೇಕಾಯಿತು. ಚಿಕಿತ್ಸೆ ಇಲ್ಲದೆಯೇ ವಾಸಿಯಾಯಿತು. ಕೆಲವು ವರ್ಷಗಳ ಮೇಲೆ ಒಂದು ಎರಡಾಗಿ ಕಾಣತೊಡಗಿತು, ಕಾಲಿನ ಬಲ ಹೋಯಿತು, ಸ್ವಲ್ಪ ಮರಳಿತು, ಮತ್ತೆ ಹೋಯಿತು. ಕೊನೆಯ ವರ್ಷಗಳನ್ನು ಗಾಲಿಕುರ್ಚಿಯಲ್ಲಿ ಕಳೆದು 1848ರಲ್ಲಿ ತೀರಿಕೊಂಡ. ಕಾಯಿಲೆಗೆ ಹೆಸರೇ ಇಲ್ಲದ ಕಾಲ ಅದು. ತನಗೇನಾಗಿದೆ ಎಂದು ತಿಳಿಯದೆಯೇ ಅಷ್ಟು ಕರಾರುವಾಕ್ಕಾಗಿ ಬರೆದಿಟ್ಟ ಆ ಮನುಷ್ಯನ ಬಗ್ಗೆ ನನಗೆ ತುಂಬಾ ಗೌರವ. ಇವತ್ತಿನ ಯಾವ ನರರೋಗ ತಜ್ಞರ ಮುಂದೆ ಆ ಪುಟಗಳನ್ನಿಟ್ಟರೂ ಅವರ ಮನಸ್ಸಿಗೆ ಮೊದಲು ಬರುವುದು ಎಂಎಸ್.

ಅವನು ತೀರಿಕೊಂಡು ಇಪ್ಪತ್ತು ವರ್ಷಗಳ ಮೇಲೆ, 1868ರಲ್ಲಿ, ಪ್ಯಾರಿಸ್ಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯಲ್ಲಿ ಜಾನ್ ಮಾರ್ಟಿನ್ ಶಾರ್ಕೋ ಎಂಬ ವೈದ್ಯ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಸ್ಪಷ್ಟವಾಗಿ ವಿವರಿಸಿದ. ರೋಗಿ ಬದುಕಿದ್ದಾಗಿನ ಲಕ್ಷಣಗಳನ್ನೂ, ಸತ್ತ ಮೇಲೆ ಮಿದುಳು ಬೆನ್ನುಹುರಿಗಳಲ್ಲಿ ಕಂಡ ಕಲೆಗಳನ್ನೂ ಜೋಡಿಸಿ ತೋರಿಸಿದ್ದು ಅವನ ಸಾಧನೆ. ಅದೇ ಆಸ್ಪತ್ರೆಯಲ್ಲಿ ಅವನು ಹಿಸ್ಟೀರಿಯಾದ ಅಧ್ಯಯನಕ್ಕೂ ಹೆಸರಾಗಿದ್ದ. ಈ ಎರಡೂ ಒಂದೇ ಸೂರಿನಡಿ ನಡೆದದ್ದು ನನ್ನನ್ನು ಕಾಡುತ್ತದೆ. ಏಕೆಂದರೆ ಆಮೇಲೆ ಎಷ್ಟೋ ದಶಕಗಳ ಕಾಲ, ಇವತ್ತು ಕೈ ಜೋಮು, ನಾಳೆ ಕಣ್ಣು ಮಂಜು, ನಾಡಿದ್ದು ಏನೂ ಇಲ್ಲ ಎನ್ನುವ ಯುವತಿಯರಿಗೆ ಸಿಗುತ್ತಿದ್ದ ಉತ್ತರ ಹಿಸ್ಟೀರಿಯಾ ಎಂಬುದೇ ಆಗಿತ್ತು. ಪದ ಬದಲಾಗಿದೆ. "ಟೆನ್ಷನ್ ಮಾಡ್ಕೋಬೇಡಿ, ನಿದ್ದೆ ಮಾಡಿ" ಎಂದು ವಾಪಸ್ಸು ಕಳಿಸುವುದು ಪೂರ್ತಿ ನಿಂತಿಲ್ಲ.

ಪತ್ತೆ ಮಾಡುವುದು ಕಷ್ಟವೂ ಹೌದು ಎನ್ನಬೇಕು. ಇದೊಂದೇ ಪರೀಕ್ಷೆ ಮಾಡಿದರೆ ಸಾಕು, ಹೌದೋ ಅಲ್ಲವೋ ತಿಳಿಯುತ್ತದೆ ಎನ್ನುವ ಪರೀಕ್ಷೆ ಎಂಎಸ್‌ಗೆ ಇಲ್ಲ. ಬಿ12 ಕೊರತೆಯಿಂದ ಹಿಡಿದು ಲೂಪಸ್‌ವರೆಗೆ ಹಲವು ಕಾಯಿಲೆಗಳು ಇದರ ವೇಷದಲ್ಲಿ ಬರುತ್ತವೆ. ಅವನ್ನೆಲ್ಲ ಬದಿಗೆ ಸರಿಸಿ ವೈದ್ಯರು ಎರಡು ಸಂಗತಿ ಹುಡುಕುತ್ತಾರೆ. ಹಾನಿ ನರಮಂಡಲದ ಒಂದಕ್ಕಿಂತ ಹೆಚ್ಚು ಜಾಗದಲ್ಲಿ ಆಗಿದೆಯೇ, ಒಂದಕ್ಕಿಂತ ಹೆಚ್ಚು ಸಮಯದಲ್ಲಿ ಆಗಿದೆಯೇ. ಹಿಂದೆ ಎರಡನೆಯದಕ್ಕೆ ಸಾಕ್ಷಿ ಬೇಕೆಂದರೆ ಇನ್ನೊಂದು ಸಲ ಕಾಯಿಲೆ ಕಾಣಿಸಿಕೊಳ್ಳುವವರೆಗೆ ಕಾಯಬೇಕಿತ್ತು. 2001ರಲ್ಲಿ ಬಂದ ಮೆಕ್‌ಡೊನಾಲ್ಡ್ ಮಾನದಂಡಗಳು ಆ ಸಾಕ್ಷಿಯನ್ನು ಎಂಆರ್‌ಐನಲ್ಲಿ ಹುಡುಕಲು ದಾರಿ ಮಾಡಿದವು. ರಕ್ತನಾಳಕ್ಕೆ ಗ್ಯಾಡೊಲಿನಿಯಂ ಎಂಬ, ಸ್ಕ್ಯಾನಿನಲ್ಲಿ ಎದ್ದು ಕಾಣುವ ಔಷಧಿ ಚುಚ್ಚಿ ಸ್ಕ್ಯಾನ್ ಮಾಡಿದರೆ ಹೊಸ ಕಲೆಗಳು ಬೆಳಗುತ್ತವೆ, ಹಳೆಯವು ಬೆಳಗುವುದಿಲ್ಲ. ಒಂದೇ ಸ್ಕ್ಯಾನಿನಲ್ಲಿ ಎರಡು ಕಾಲ ಸಿಕ್ಕಂತಾಯಿತು. 2017ರ ಪರಿಷ್ಕರಣೆಯ ನಂತರ ಬೆನ್ನಿನಿಂದ ತೆಗೆದ ದ್ರವದಲ್ಲಿ ಕಾಣುವ ಆಂಟಿಬಾಡಿ ಪಟ್ಟೆಗಳನ್ನೂ ಕಾಲದ ಸಾಕ್ಷಿಯಾಗಿ ಒಪ್ಪುತ್ತಾರೆ. ಇದು ತಾಂತ್ರಿಕ ವಿವರದಂತೆ ಕಾಣಬಹುದು. ಇದರಿಂದ ಎಷ್ಟೋ ಜನರಿಗೆ ಚಿಕಿತ್ಸೆ ವರ್ಷಗಳಷ್ಟು ಮುಂಚೆ ಸಿಗುವ ಹಾಗಾಯಿತು.

ಎಂಆರ್‌ಐ ಇನ್ನೊಂದು ವಿಷಯವನ್ನೂ ಬಯಲು ಮಾಡಿತು. ರೋಗಿಗೆ ಏನೂ ಅನ್ನಿಸದ ತಿಂಗಳುಗಳಲ್ಲೂ ಮಿದುಳಿನಲ್ಲಿ ಹೊಸ ಕಲೆಗಳು ಬರುತ್ತಲೇ ಇರುತ್ತವೆ. ಒಂದು ಸಲ ಕಾಯಿಲೆ ಮರುಕಳಿಸುವ ಹೊತ್ತಿಗೆ ಸದ್ದಿಲ್ಲದೆ ಬಂದುಹೋದ ಕಲೆಗಳು ಅದರ ಹಲವು ಪಟ್ಟು ಇರುತ್ತವೆ. ಮಿದುಳು ಬೇರೆ ದಾರಿಯಲ್ಲಿ ಕೆಲಸ ಸಾಗಿಸಿ ಅದನ್ನು ಮುಚ್ಚಿಡುತ್ತದೆ. ಚೆನ್ನಾಗಿದ್ದೇನೆ ಎನ್ನುವವರಿಗೂ ವೈದ್ಯರು ಔಷಧಿ ನಿಲ್ಲಿಸಬೇಡಿ ಎನ್ನುವುದು ಇದಕ್ಕೇ.

ಹೊರಗಿನವರು ಕಾಲು ನೋಡಿ ಅಳೆಯುತ್ತಾರೆ ಎಂದೆನಲ್ಲ, ವೈದ್ಯಶಾಸ್ತ್ರವೂ ಹೆಚ್ಚು ಕಡಿಮೆ ಹಾಗೆಯೇ ಅಳೆಯುತ್ತದೆ. ಜಾನ್ ಕರ್ಟ್ಸ್ಕೆ ಎಂಬ ಅಮೆರಿಕದ ನರರೋಗ ತಜ್ಞ 1983ರಲ್ಲಿ ಪ್ರಕಟಿಸಿದ ಇಡಿಎಸ್‌ಎಸ್ ಎಂಬ ಅಳತೆ ಇಂದಿಗೂ ಜಗತ್ತಿನೆಲ್ಲೆಡೆ ಚಾಲ್ತಿಯಲ್ಲಿದೆ. ಸೊನ್ನೆಯಿಂದ ಹತ್ತರವರೆಗೆ, ಅರ್ಧರ್ಧ ಅಂಕದ ಹೆಜ್ಜೆ. ನಾಲ್ಕು ದಾಟಿದ ಮೇಲೆ ಅದು ಬಹುತೇಕ ನಡಿಗೆಯ ಲೆಕ್ಕ. ಆಸರೆಯಿಲ್ಲದೆ 500 ಮೀಟರ್ ನಡೆದರೆ ನಾಲ್ಕು, ಕೋಲು ಹಿಡಿದು 100 ಮೀಟರ್ ನಡೆದರೆ ಆರು, ಆಸರೆಯಿದ್ದರೂ ಐದು ಮೀಟರಿನಾಚೆ ನಡೆಯಲು ಆಗದಿದ್ದರೆ ಏಳು. ಔಷಧಿಗಳ ಪ್ರಯೋಗಗಳಲ್ಲಿ ಕಾಯಿಲೆ ಮುಂದುವರಿಯಿತೇ ಇಲ್ಲವೇ ಎಂದು ತೀರ್ಮಾನಿಸುವುದು ಮುಖ್ಯವಾಗಿ ಈ ಅಂಕಗಳ ಮೇಲೆ. ಅದರ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ದೇಶ ದೇಶಗಳ ರೋಗಿಗಳನ್ನು ಹೋಲಿಸಲು ಸರಳವಾದ ಅಳತೆಯೊಂದು ಬೇಕಿತ್ತು. ಆದರೆ ಅಕ್ಕನ ಅಂಕ ಎರಡು ಎಂದು ಕೇಸ್ ಶೀಟಿನಲ್ಲಿ ಬರೆದಿದ್ದನ್ನು ನೋಡಿದಾಗಲೆಲ್ಲ, ಅವಳ ದಿನದ ಯಾವ ಭಾಗ ಆ ಎರಡರಲ್ಲಿದೆ ಎಂದು ನನಗೆ ಹುಡುಕಬೇಕು ಅನ್ನಿಸುತ್ತದೆ. ಅವಳ ಕೈಯನ್ನೂ, ಕಣ್ಣನ್ನೂ, ನಿದ್ದೆಯನ್ನೂ, ಮಾತಿನ ನಡುವೆ ಸಿಗದೆ ಹೋಗುವ ಪದವನ್ನೂ ಅದು ಸರಿಯಾಗಿ ಹಿಡಿಯುವುದಿಲ್ಲ.

ಕೈ ಎಂದಾಗ ಜಾಕ್ಲಿನ್ ಡು ಪ್ರೇ ನೆನಪಾಗುತ್ತಾರೆ. ಇಪ್ಪತ್ತರ ಹರೆಯದಲ್ಲೇ ಜಗತ್ತಿನ ಅತ್ಯುತ್ತಮ ಚೆಲ್ಲೋ ವಾದಕಿಯರಲ್ಲಿ ಒಬ್ಬರೆನಿಸಿದ್ದರು. ಬೆರಳುಗಳ ಸ್ಪರ್ಶ ಕಡಿಮೆಯಾಗುತ್ತಾ ಬಂತು. ತಂತಿಯ ಮೇಲೆ ಬೆರಳು ಎಲ್ಲಿದೆ ಎಂದು ಕಣ್ಣಿನಿಂದ ನೋಡಿ ತಿಳಿಯಬೇಕಾದ ಸ್ಥಿತಿ. 1973ರಲ್ಲಿ, 28ನೇ ವಯಸ್ಸಿನಲ್ಲಿ ಎಂಎಸ್ ಎಂದು ಗೊತ್ತಾಯಿತು. ಆ ವರ್ಷಕ್ಕೇ ಅವರ ವೇದಿಕೆಯ ಬದುಕು ಮುಗಿಯಿತು. 1987ರಲ್ಲಿ, 42ನೇ ವಯಸ್ಸಿನಲ್ಲಿ ತೀರಿಕೊಂಡರು. ಸಂಗೀತಗಾರ್ತಿಯೊಬ್ಬಳಿಗೆ ಬೆರಳಿನ ಸ್ಪರ್ಶ ಹೋಗುವುದು ಎಂದರೇನು ಎಂಬುದನ್ನು ಮೀಟರುಗಳ ಲೆಕ್ಕದಲ್ಲಿ ಹೇಳಲು ಬರುವುದಿಲ್ಲ.

ಇನ್ನು ದಣಿವು. ಎಂಎಸ್ ಇರುವವರಲ್ಲಿ ನಾಲ್ವರಲ್ಲಿ ಮೂವರಾದರೂ ಇದನ್ನು ಹೇಳುತ್ತಾರೆ, ಬಹಳ ಮಂದಿ ಎಲ್ಲಕ್ಕಿಂತ ಹೆಚ್ಚು ಕಷ್ಟ ಕೊಡುವುದು ಇದೇ ಎನ್ನುತ್ತಾರೆ. "ನನಗೂ ಸಂಜೆ ಆದರೆ ಸಾಕಾಗಿಹೋಗುತ್ತೆ" ಎಂದು ಕೇಳಿದವರು ಸಮಾಧಾನಕ್ಕೆ ಸೇರಿಸುತ್ತಾರೆ. ಅದೇ ಬೇರೆ, ಇದೇ ಬೇರೆ. ನಮ್ಮ ಸುಸ್ತಿಗೆ ಕಾರಣ ಇರುತ್ತದೆ, ಮಲಗೆದ್ದರೆ ಹೋಗುತ್ತದೆ. ಈ ದಣಿವು ಎಂಟು ಗಂಟೆ ಗಾಢ ನಿದ್ದೆ ಮಾಡಿ ಎದ್ದವರ ಮೇಲೂ ಬೆಳಗಿನ ಹತ್ತಕ್ಕೇ ಬಂದು ಕೂರಬಲ್ಲದು. ಯಾವ ಮುನ್ಸೂಚನೆಯೂ ಇಲ್ಲದೆ, ಬಟ್ಟೆ ಮಡಚುತ್ತಿರುವ ಕೈ ಮಡಚುತ್ತಿರುವಲ್ಲೇ ಭಾರವಾಗಿಬಿಡುತ್ತದೆ. ಹಾನಿಗೊಂಡ ದಾರಿಗಳಲ್ಲಿ ಅದೇ ಕೆಲಸವನ್ನು ಮಾಡಿಸಲು ಮಿದುಳು ಹೆಚ್ಚು ಭಾಗಗಳನ್ನು ದುಡಿಸಬೇಕಾಗುತ್ತದೆ ಎಂಬುದನ್ನು ಸ್ಕ್ಯಾನ್‌ಗಳಲ್ಲಿ ನೋಡಿದ್ದಾರೆ. ಉರಿಯೂತದ ರಾಸಾಯನಿಕಗಳ ಪಾತ್ರವೂ ಇದೆ ಎನ್ನುತ್ತಾರೆ. ಜೊತೆಗೆ ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು, ಕಾಲಿನ ಸೆಳೆತ, ಕೆಲವು ಔಷಧಿಗಳ ಪರಿಣಾಮ, ಎಲ್ಲ ಸೇರಿಕೊಳ್ಳುತ್ತವೆ. ಇವುಗಳಲ್ಲಿ ಸರಿಪಡಿಸಬಹುದಾದವನ್ನು ಮೊದಲು ಸರಿಪಡಿಸಬೇಕು. ವೈದ್ಯರಿಗೆ ಹೇಳುವಾಗ "ಸುಸ್ತು" ಎಂದು ಒಂದೇ ಮಾತಿನಲ್ಲಿ ಮುಗಿಸದೆ ಯಾವಾಗ, ಏನು ಮಾಡುವಾಗ, ಎಷ್ಟು ಹೊತ್ತು ಎಂದು ಬಿಡಿಸಿ ಹೇಳುವುದು ಅದಕ್ಕೇ ಮುಖ್ಯ.

ಈ ದಣಿವನ್ನು ತಿಳಿದಿರುವವರು ದಿನವನ್ನು ಅಳೆದು ಸುರಿಯುತ್ತಾರೆ. ಸ್ನಾನ ಮತ್ತು ತಲೆಗೂದಲು ತೊಳೆಯುವುದು ಒಂದೇ ದಿನ ಬೇಡ. ಮಧ್ಯಾಹ್ನ ಮುಖ್ಯ ಮೀಟಿಂಗ್ ಇದ್ದರೆ ಬೆಳಗಿನ ಓಡಾಟ ಬೇಡ. ಸಂಬಂಧಿಕರ ಸಮಾರಂಭಕ್ಕೆ ಹೋಗಿ ಎಲ್ಲರ ಜೊತೆ ನಗುತ್ತಾ ಮೂರು ಗಂಟೆ ಕೂತರೆ ಮಾರನೆಯ ದಿನ ಪೂರ್ತಿ ಹಾಸಿಗೆ. ನೋಡಿದವರಿಗೆ ಸಿಕ್ಕುವುದು ಆ ಮೂರು ಗಂಟೆ ಮಾತ್ರ. "ಎಷ್ಟು ಚೆನ್ನಾಗಿ ಕಾಣ್ತಿದ್ದೀಯ!" ಎಂದು ಪ್ರೀತಿಯಿಂದ ಹೇಳುತ್ತಾರೆ. ಅಕ್ಕ ಥ್ಯಾಂಕ್ಸ್ ಎನ್ನುತ್ತಾಳೆ.

ಬಿಸಿಯ ವಿಷಯವನ್ನು ಹೇಳಲೇಬೇಕು. ವಿಲ್‌ಹೆಲ್ಮ್ ಊಟ್‌ಹಾಫ್ ಎಂಬ ಜರ್ಮನ್ ಕಣ್ಣಿನ ವೈದ್ಯ 1890ರಲ್ಲಿ ಒಂದು ಸಂಗತಿ ಗಮನಿಸಿದ. ಎಂಎಸ್ ಇರುವ ಕೆಲವರಿಗೆ ಶ್ರಮ ಪಟ್ಟಾಗ ಕಣ್ಣು ಮಂಜಾಗುತ್ತದೆ, ವಿಶ್ರಾಂತಿ ಪಡೆದರೆ ಮೊದಲಿನಂತಾಗುತ್ತದೆ. ಮುಖ್ಯ ಕಾರಣ ದೇಹದ ಉಷ್ಣತೆ ಎಂದು ಆಮೇಲೆ ತಿಳಿಯಿತು. ಮೈಲಿನ್ ಕಳೆದುಕೊಂಡ ನರ ಹೇಗೋ ಸಂಕೇತ ಸಾಗಿಸುತ್ತಿರುತ್ತದೆ, ಮೈ ಅರ್ಧ ಡಿಗ್ರಿ ಬಿಸಿಯಾದರೆ ಅದೂ ನಿಲ್ಲಬಹುದು. ಎಂಆರ್‌ಐ ಬರುವ ಮೊದಲು ರೋಗಿಗಳನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಲಕ್ಷಣಗಳು ಹೆಚ್ಚಾಗುತ್ತವೆಯೇ ಎಂದು ಪರೀಕ್ಷಿಸುತ್ತಿದ್ದರು. ಜ್ವರ, ಬಿಸಿಲು, ಬಿಸಿನೀರಿನ ಸ್ನಾನ, ಜನ ತುಂಬಿದ ಕೋಣೆ, ಯಾವುದಾದರೂ ಸಾಕು. ಮೈ ತಂಪಾದರೆ ಸರಿಹೋಗುತ್ತದೆ, ಹೊಸ ಹಾನಿ ಆಗಿರುವುದಿಲ್ಲ. ಇದನ್ನು ಮೊದಲೇ ತಿಳಿದಿದ್ದರೆ ಭಯ ಅರ್ಧ ಕಡಿಮೆ. ತಿಳಿಯದವರು ಪ್ರತಿ ಸಲವೂ ಕಾಯಿಲೆ ಮರುಕಳಿಸಿತು ಎಂದು ನಡುಗುತ್ತಾರೆ. 24 ಗಂಟೆಗಿಂತ ಹೆಚ್ಚು ಉಳಿದ ಹೊಸ ಲಕ್ಷಣ, ಜ್ವರವಾಗಲಿ ಸೋಂಕಾಗಲಿ ಇಲ್ಲದಿದ್ದಾಗ, ಮರುಕಳಿಕೆ ಇರಬಹುದು ಎಂಬುದು ವೈದ್ಯರ ಲೆಕ್ಕ. ಅಂಥದ್ದಕ್ಕೆ ತಡಮಾಡದೆ ಫೋನ್ ಮಾಡಬೇಕು.

ಅಕ್ಕ ಬಾಯಿಬಿಟ್ಟು ಹೇಳಲು ಬಹಳ ಹಿಂಜರಿದದ್ದು ನೆನಪು ಮತ್ತು ಯೋಚನೆಯ ಬಗ್ಗೆ. ಎಂಎಸ್ ಇರುವವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಇದರ ಅನುಭವ ಒಂದಲ್ಲ ಒಂದು ಮಟ್ಟದಲ್ಲಿ ಆಗುತ್ತದೆ. ಬುದ್ಧಿ ಹೋಗುವುದಿಲ್ಲ, ವೇಗ ಹೋಗುತ್ತದೆ. ನಾಲ್ಕು ಜನ ಒಟ್ಟಿಗೆ ಮಾತಾಡುವಾಗ ಹಿಂದೆ ಬೀಳುವುದು, ಫೋನಿನಲ್ಲಿ ಮಾತಾಡುತ್ತಾ ಇನ್ನೊಂದು ಕೆಲಸ ಮಾಡಲಾಗದಿರುವುದು, ನಾಲಿಗೆ ತುದಿಯಲ್ಲಿರುವ ಪದ ಅಲ್ಲೇ ನಿಲ್ಲುವುದು. ಇದನ್ನು ಅಳೆಯಲು ಸಣ್ಣದೊಂದು ಪರೀಕ್ಷೆಯಿದೆ. 90 ಸೆಕೆಂಡುಗಳಲ್ಲಿ ಚಿಹ್ನೆಗಳಿಗೆ ಸರಿಯಾದ ಅಂಕಿಗಳನ್ನು ಹೊಂದಿಸುತ್ತಾ ಹೋಗಬೇಕು. ಎರಡು ನಿಮಿಷ ಸಾಕು, ದುಬಾರಿ ಯಂತ್ರ ಬೇಡ. ಆದರೂ ಎಷ್ಟೋ ಕಡೆ ಯಾರೂ ಮಾಡುವುದಿಲ್ಲ, ಸುತ್ತಿಗೆಯಲ್ಲಿ ಮೊಣಕಾಲು ತಟ್ಟುವುದನ್ನು ಮಾತ್ರ ಯಾರೂ ತಪ್ಪಿಸುವುದಿಲ್ಲ. ಖಿನ್ನತೆಯೂ ಎಂಎಸ್‌ನಲ್ಲಿ ಸಾಮಾನ್ಯ ಜನರಿಗಿಂತ ಹೆಚ್ಚು. ಕಾಯಿಲೆ ಬಂದ ದುಃಖವಷ್ಟೇ ಇದಕ್ಕೆ ಕಾರಣವಲ್ಲ, ಮನಸ್ಸನ್ನು ನಡೆಸುವ ಮಿದುಳಿಗೇ ಪೆಟ್ಟು ಬಿದ್ದಿರುತ್ತದೆ. ಅದಕ್ಕೆ ಚಿಕಿತ್ಸೆಯಿದೆ, ಕೇಳಿ ಪಡೆಯಬೇಕು. ಮೂತ್ರದ ಅವಸರ, ಮಲಬದ್ಧತೆ, ದಾಂಪತ್ಯದ ತೊಂದರೆಗಳಿಗೂ ಚಿಕಿತ್ಸೆಯಿದೆ. ನಾಚಿಕೆಯಿಂದ ರೋಗಿ ಹೇಳುವುದಿಲ್ಲ, ಸಮಯವಿಲ್ಲದೆ ವೈದ್ಯರು ಕೇಳುವುದಿಲ್ಲ. ಹೀಗೆ ವರ್ಷಗಳು ಕಳೆದುಹೋಗುತ್ತವೆ.

ಕಾಲಿನಿಂದ ಅಳೆಯುವ ಅಭ್ಯಾಸ ಇನ್ನೊಂದು ದಿಕ್ಕಿನಲ್ಲೂ ಗಾಯ ಮಾಡುತ್ತದೆ. ಗಾಲಿಕುರ್ಚಿಯಲ್ಲಿ ಕುಳಿತವರು ಎದ್ದು ನಿಂತು ಮೇಲಿನ ಕಪಾಟಿನಿಂದ ಏನಾದರೂ ತೆಗೆದುಕೊಂಡರೆ ಸುತ್ತಲಿನವರ ಹುಬ್ಬು ಮೇಲೇರುತ್ತದೆ. ನಿಲ್ಲಲು ಆಗುವುದಾದರೆ ಕುರ್ಚಿ ಯಾಕೆ? ಇವರು ಹತ್ತು ಹೆಜ್ಜೆ ನಡೆಯಬಲ್ಲರು, ಇನ್ನೂರು ಹೆಜ್ಜೆ ನಡೆಯಲಾರರು. ನಿನ್ನೆ ಆಗಿದ್ದು ಇವತ್ತು ಆಗದಿರಬಹುದು. ಕುರ್ಚಿ ಬಳಸುವುದರಿಂದ ಉಳಿದ ಶಕ್ತಿ ಮಗಳ ಜೊತೆ ಆಡಲು, ಒಂದು ಪುಸ್ತಕ ಓದಲು ಸಿಗುತ್ತದೆ. ಕೋಲು, ಕುರ್ಚಿ ಎಂದರೆ ಸೋಲು ಎಂದು ನೋಡುವವರ ನಡುವೆ ಎಷ್ಟೋ ಮಂದಿ ಅವನ್ನು ಹಿಡಿಯಬೇಕಾದ ಸಮಯಕ್ಕೆ ಹಿಡಿಯದೆ, ಬಿದ್ದು, ಮನೆಯೊಳಗೇ ಉಳಿದುಬಿಡುತ್ತಾರೆ. ಇದಕ್ಕಿಂತ ನನಗೆ ಹೆಚ್ಚು ಸಂಕಟ ಕೊಡುವುದು ಬೇರೆ ಇಲ್ಲ.

"ನನಗೇ ಯಾಕೆ" ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಇದಕ್ಕೆ ಮೊದಲಿಗಿಂತ ಒಳ್ಳೆಯ ಉತ್ತರ ಈಗಿದೆ. 2022ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಅಮೆರಿಕದ ಸೇನೆಯಲ್ಲಿದ್ದ ಒಂದು ಕೋಟಿಗೂ ಹೆಚ್ಚು ಜನರ ದಾಖಲೆಗಳನ್ನು ಆಧರಿಸಿದ ಅಧ್ಯಯನ ಪ್ರಕಟಿಸಿದರು. ಎಪ್‌ಸ್ಟೀನ್ ಬಾರ್ ಎಂಬ ವೈರಸ್ ತಗುಲಿದ ಮೇಲೆ ಎಂಎಸ್ ಬರುವ ಸಾಧ್ಯತೆ 32 ಪಟ್ಟು ಹೆಚ್ಚಾಗಿತ್ತು. ಎಂಎಸ್ ಬಂದ 801 ಮಂದಿಯಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಆ ವೈರಸ್ ತಗುಲಿತ್ತು. ಆದರೆ ಈ ವೈರಸ್ ಜಗತ್ತಿನ ಹತ್ತರಲ್ಲಿ ಒಂಬತ್ತು ವಯಸ್ಕರಿಗೂ ಬಂದುಹೋಗಿರುತ್ತದೆ, ಅವರಲ್ಲಿ ಬಹುಪಾಲು ಜನರಿಗೆ ಎಂಎಸ್ ಬರುವುದಿಲ್ಲ. ಬಾಗಿಲು ತೆರೆಯಲು ಅದು ಬೇಕು, ಅದೊಂದೇ ಸಾಲದು. ಕೆಲವು ಜೀನ್‌ಗಳು, ಧೂಮಪಾನ, ಹರೆಯದ ಬೊಜ್ಜು, ವಿಟಮಿನ್ ಡಿ ಕೊರತೆ ಸೇರಿಕೊಳ್ಳುತ್ತವೆ. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಎಂಎಸ್ ಹೆಚ್ಚು. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಇದ್ದರೆ ಇನ್ನೊಬ್ಬರಿಗೆ ಬರುವುದು ಸುಮಾರು ನಾಲ್ಕರಲ್ಲಿ ಒಂದು ಸಲ ಮಾತ್ರ. ಜೀನ್ ಅಷ್ಟೂ ಒಂದೇ ಆಗಿದ್ದರೂ ಮೂರು ಪಾಲು ತಪ್ಪಿಸಿಕೊಳ್ಳುತ್ತಾರೆ. ಅಮ್ಮ ಬಹಳ ದಿನ ತನ್ನ ಬಸಿರಿನಲ್ಲಿ, ತಾನು ಮಗುವನ್ನು ಬೆಳೆಸಿದ ರೀತಿಯಲ್ಲಿ ತಪ್ಪು ಹುಡುಕುತ್ತಿದ್ದಳು. ಈ ಅಂಕಿಗಳನ್ನು ಅವಳಿಗೆ ಕೂತು ಓದಿ ಹೇಳಿದೆವು. ಪೂರ್ತಿ ಸಮಾಧಾನವಾಯಿತು ಎನ್ನಲಾರೆ, ಹುಡುಕುವುದನ್ನು ಬಿಟ್ಟಳು.

ಚಿಕಿತ್ಸೆಯ ಕಥೆ ನಮ್ಮ ಕಣ್ಣ ಮುಂದೆಯೇ ಬದಲಾಗಿದೆ. 1945ರಲ್ಲಿ ಸಿಲ್ವಿಯಾ ಲಾರಿ ಎಂಬ ನ್ಯೂಯಾರ್ಕಿನ ಯುವತಿ, ಎಂಎಸ್‌ನಿಂದ ವಾಸಿಯಾದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ ಎಂದು ತನ್ನ ಅಣ್ಣತಮ್ಮಂದಿರಲ್ಲೊಬ್ಬನಿಗಾಗಿ ಪತ್ರಿಕೆಯಲ್ಲಿ ಪುಟ್ಟ ಜಾಹೀರಾತು ಕೊಟ್ಟಳು. ವಾಸಿಯಾದವರು ಬರೆಯಲಿಲ್ಲ, ಅದೇ ಹುಡುಕಾಟದಲ್ಲಿದ್ದವರು ಬರೆದರು. ಅವರನ್ನೆಲ್ಲ ಸೇರಿಸಿ ಮರುವರ್ಷ ಅವಳು ಕಟ್ಟಿದ ಸಂಘ ಅಮೆರಿಕದ ರಾಷ್ಟ್ರೀಯ ಎಂಎಸ್ ಸೊಸೈಟಿಯಾಗಿ ಬೆಳೆಯಿತು. ಅಲ್ಲಿಂದ ಕಾಯಿಲೆಯ ಹಾದಿಯನ್ನು ಬದಲಿಸುವ ಮೊದಲ ಔಷಧಿಗೆ, ಇಂಟರ್‌ಫೆರಾನ್ ಬೀಟಾಕ್ಕೆ, ಅಮೆರಿಕದಲ್ಲಿ ಅನುಮತಿ ಸಿಗಲು 1993 ಬರಬೇಕಾಯಿತು. ಈಗ ಇಪ್ಪತ್ತರಷ್ಟು ಔಷಧಿಗಳಿವೆ. ಚುಚ್ಚುಮದ್ದು, ಮಾತ್ರೆ, ಆರು ತಿಂಗಳಿಗೊಮ್ಮೆ ಡ್ರಿಪ್. ಮರುಕಳಿಸಿದಾಗ ಕೊಡುವ ಸ್ಟೀರಾಯ್ಡ್ ಚೇತರಿಕೆಯನ್ನು ಬೇಗ ತರುತ್ತದೆ ಅಷ್ಟೇ, ಮುಂದಿನದನ್ನು ತಡೆಯುವುದಿಲ್ಲ. ತಡೆಯುವ ಕೆಲಸ ಈ ಔಷಧಿಗಳದ್ದು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಸೋಂಕಿನ ಅಪಾಯ ಇರುತ್ತದೆ, ಅದಕ್ಕೆ ತಕ್ಕ ರಕ್ತಪರೀಕ್ಷೆಗಳನ್ನು ತಪ್ಪಿಸುವಂತಿಲ್ಲ. 2017ರಲ್ಲಿ ಬಂದ ಒಕ್ರೆಲಿಜುಮ್ಯಾಬ್ ಎಂಬ ಔಷಧಿ ರೋಗನಿರೋಧಕ ಜೀವಕೋಶಗಳಲ್ಲೇ ಒಂದು ಬಗೆಯಾದ ಬಿ ಜೀವಕೋಶಗಳನ್ನು ಗುರಿಯಾಗಿಸುತ್ತದೆ. ಎಪ್‌ಸ್ಟೀನ್ ಬಾರ್ ವೈರಸ್ ಅವಿತುಕೊಳ್ಳುವುದೂ ಅದೇ ಬಿ ಜೀವಕೋಶಗಳಲ್ಲಿ. ಮೊದಲಿನಿಂದಲೇ ನಿಧಾನವಾಗಿ ಹೆಚ್ಚುತ್ತಾ ಹೋಗುವ ಎಂಎಸ್‌ಗೆ ಅನುಮತಿ ಸಿಕ್ಕ ಮೊದಲ ಔಷಧಿ ಅದು. ಆ ಬಗೆಯ ಕಾಯಿಲೆ ಇರುವವರಿಗೆ, ಮತ್ತು ಮರುಕಳಿಕೆಗಳು ನಿಂತ ಮೇಲೂ ಒಳಗೊಳಗೆ ಕುಸಿಯುತ್ತಾ ಹೋಗುವವರಿಗೆ, ಇನ್ನೂ ಬಹಳ ಕಡಿಮೆ ಸಿಕ್ಕಿದೆ. ಹೋದ ಮೈಲಿನ್ನನ್ನು ಮತ್ತೆ ಬೆಳೆಸುವ ಔಷಧಿ ಇಂದಿಗೂ ಪ್ರಯೋಗಗಳಲ್ಲೇ ಇದೆ.

ಈ ಖಾಲಿ ಜಾಗಕ್ಕೆ ಆಸೆ ಮಾರುವವರು ನುಗ್ಗುತ್ತಾರೆ. 2009ರಲ್ಲಿ ಇಟಲಿಯ ಪಾವೊಲೊ ಜಾಂಬೋನಿ ಎಂಬ ವೈದ್ಯ, ಮಿದುಳಿನಿಂದ ರಕ್ತ ಇಳಿಸುವ ನಾಳಗಳು ಕಿರಿದಾಗಿರುವುದೇ ಎಂಎಸ್‌ಗೆ ಕಾರಣ ಎಂಬ ವಾದ ಮುಂದಿಟ್ಟ. ಸಾವಿರಾರು ಜನ ಸಾಲ ಮಾಡಿ, ದೇಶ ದಾಟಿ, ಕತ್ತಿನ ನಾಳಗಳನ್ನು ಬಲೂನಿನಿಂದ ಹಿಗ್ಗಿಸಿಕೊಂಡರು. ಕೊನೆಗೆ ಅವನೇ ಮುಂದೆ ನಿಂತು ನಡೆಸಿದ ಪ್ರಯೋಗದಲ್ಲೂ ಪ್ರಯೋಜನವಿಲ್ಲ ಎಂದು ಕಂಡುಬಂತು. ಫಲಿತಾಂಶವನ್ನು ಅವನು ಪ್ರಕಟಿಸಿದ್ದನ್ನು ಮೆಚ್ಚುತ್ತೇನೆ. "ಪೂರ್ತಿ ಗುಣ" ಎಂದು ನಮಗೂ ಸಂದೇಶಗಳು ಬರುತ್ತಿರುತ್ತವೆ. ಬಂದುಹೋಗುವ ಕಾಯಿಲೆಯಲ್ಲಿ, ವಾಸಿಯಾಗುವ ಮುಂಚೆ ಏನು ತಿಂದರೂ ಅದೇ ಔಷಧಿ ಎನಿಸಿಬಿಡುತ್ತದೆ. ಆ ಮೋಸಕ್ಕೆ ಸಿಕ್ಕವರನ್ನು ನಾನು ದೂರಲಾರೆ, ಆದರೆ ಅದಕ್ಕಾಗಿ ವೈದ್ಯರು ಕೊಟ್ಟ ಔಷಧಿ ಬಿಟ್ಟವರನ್ನು ಕಂಡು ಹೊಟ್ಟೆ ಉರಿದಿದೆ.

ವೈದ್ಯರ ಹಳೆಯ ಬುದ್ಧಿವಾದಗಳೂ ತಿರುವುಮುರುವಾಗಿವೆ. ಎಂಎಸ್ ಇರುವವರು ಮಗು ಮಾಡಿಕೊಳ್ಳಬಾರದು ಎಂದು ಹಿಂದೆ ಹೇಳುತ್ತಿದ್ದರು. 1998ರಲ್ಲಿ ಯುರೋಪಿನ 254 ಮಹಿಳೆಯರ ಅಧ್ಯಯನ ಬಂತು. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಮರುಕಳಿಕೆಗಳು ಗಣನೀಯವಾಗಿ ಇಳಿಯುತ್ತವೆ, ಹೆರಿಗೆಯಾದ ಮೂರು ತಿಂಗಳಲ್ಲಿ ಏರುತ್ತವೆ, ಆಮೇಲೆ ಮೊದಲಿನ ಮಟ್ಟಕ್ಕೆ ಬರುತ್ತವೆ. ಔಷಧಿಗಳನ್ನು ಮೊದಲೇ ಯೋಜಿಸಿಕೊಂಡು ಎಷ್ಟೋ ಮಂದಿ ತಾಯಂದಿರಾಗಿದ್ದಾರೆ. ವ್ಯಾಯಾಮ ಮಾಡಬೇಡಿ, ಶಕ್ತಿ ಉಳಿಸಿಕೊಳ್ಳಿ ಎನ್ನುತ್ತಿದ್ದ ಮಾತೂ ಸುಳ್ಳಾಯಿತು. ಅಳತೆ ಮೀರದೆ, ಮೈ ಬಿಸಿಯಾಗದಂತೆ ಮಾಡುವ ವ್ಯಾಯಾಮ ದಣಿವನ್ನೇ ಕಡಿಮೆ ಮಾಡುತ್ತದೆ.

ಎಂಎಸ್ ಬಂದವರು ಕೆಲಸ ಬಿಡುವುದು ಹೆಚ್ಚಾಗಿ ದಣಿವಿನಿಂದ, ಯೋಚನೆಯ ನಿಧಾನದಿಂದ. ಕಾಲು ಕೈಕೊಡುವ ಮುಂಚೆಯೇ ಎಷ್ಟೋ ಜನ ಕೆಲಸ ಬಿಟ್ಟಿರುತ್ತಾರೆ. ಅಕ್ಕ ಆ ಅಂಚಿಗೆ ಬಂದಿದ್ದಳು. ರಾಜೀನಾಮೆ ಬರೆಯುವ ಮೊದಲು ನಾವಿಬ್ಬರೂ ಕೂತು, ಏನೇನಿದ್ದರೆ ಮುಂದುವರಿಸಬಹುದು ಎಂದು ಒಂದು ಹಾಳೆಯಲ್ಲಿ ಬರೆದೆವು. ಬಿಸಿಲು ಬೀಳದ, ಶೌಚಾಲಯಕ್ಕೆ ಹತ್ತಿರದ ಮೇಜು. ಕಠಿಣ ಕೆಲಸವೆಲ್ಲ ಬೆಳಿಗ್ಗೆ. ಮಧ್ಯಾಹ್ನ ಅರ್ಧ ಗಂಟೆ ಬಾಗಿಲು ಹಾಕಿ ಮಲಗಲು ಒಂದು ಜಾಗ. ಮೀಟಿಂಗಿನ ವಿಷಯಗಳು ಹಿಂದಿನ ದಿನವೇ ಬರಹದಲ್ಲಿ. ಆಗದ ದಿನ ಮನೆಯಿಂದ ಕೆಲಸ, ಕಾರಣ ಪ್ರತಿ ಸಲ ವಿವರಿಸದೆ. ಅವಳ ಮೇಲಧಿಕಾರಿ ಹಾಳೆಯನ್ನು ಪೂರ್ತಿ ಓದಿ, "ಇವಿಷ್ಟೇನಾ ಮೇಡಂ?" ಎಂದು ಕೇಳಿದರಂತೆ. ಮೇಜು ಅದೇ ವಾರ ಬದಲಾಯಿತು. ಮಲಗಲು ಜಾಗ ಸಿಗಲು ಸ್ವಲ್ಪ ತಿಂಗಳು ಹಿಡಿಯಿತು, ಕೊನೆಗೆ ಹಳೆಯ ದಾಖಲೆಗಳ ಕೋಣೆಯಲ್ಲಿ ಒಂದು ಮಂಚ ಹಾಕಿಸಿದರು. ಕೀಲಿ ಅಕ್ಕನ ಹತ್ತಿರವೇ ಇದೆ. ಈಗ ಆ ಕೋಣೆಯನ್ನು ಆಫೀಸಿನ ಬಾಣಂತಿಯೊಬ್ಬರೂ, ಮೈಗ್ರೇನ್ ಇರುವ ಇನ್ನೊಬ್ಬರೂ ಬಳಸುತ್ತಾರೆ.